ಮಾಧವೀಲತಾ ನಿರ್ಣಯ

ಸಂಸ್ಕೃತ ಕಾವ್ಯಗಳನ್ನು ಅಷ್ಟಿಷ್ಟು ಓದಿದವರಿಗೂ ಮಾಧವೀಲತೆಯ ಹೆಸರು ಹೊಸದಲ್ಲ. ವಸಂತವರ್ಣನೆಯೆಂದರೆ ಮಾವು, ಕೋಗಿಲೆ, ತೆಂಕಣ ಗಾಳಿ, ಮಾಧವಿ ಇವು ಒಂದರ ಹಿಂದೊಂದು ಬಂದೇ ಬರುವುವು. ಇವುಗಳಲ್ಲಿ ಮಾವನ್ನು ನಾವೆಲ್ಲರೂ ಬಲ್ಲೆವು. ಕೋಗಿಲೆಯನ್ನು ಕಾಣದಿದ್ದರೂ ಕೇಳಿ ಬಲ್ಲೆವು. ಗಾಳಿಯನ್ನು ಮೈಯೇ ಬಲ್ಲುದು. ಆದರೆ ಮಾಧವಿಯ ಮುಂದೆ ನಿಂತು, ಇದೇ ಅದು ಎಂದು ಬೆರಳೆತ್ತಿ ತೋರಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇರುವರು? ನಾನು ಬಲ್ಲೆನೆಂದೇ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಂಬಿದ್ದೆನು. ಆ ನಂಬಿಕೆಯು ತಪ್ಪೆಂದು ತಿಳಿದ ಬಗೆಯನ್ನೂ, ನಿಜವಾದ ಮಾಧವಿಯು ಯಾವುದೆಂಬುದನ್ನೂ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನಾನು ನಿವೃತ್ತನಾದ ಮೇಲೆ ದೊಡ್ಡನೆಕ್ಕುಂದಿಯಲ್ಲಿ ವಾಸವಾಗಿರುವೆನು. ಊರು ಈಗ ಬೆಂಗಳೂರು ನಗರದೊಳಗೆ ಸೇರಿಹೋಗಿದೆ. ಕೆರೆಯಿದೆ, ಅದರಾಚೆಗೆ ಹೊರವರ್ತುಲ ರಸ್ತೆ, ಕಾರ್ಖಾನೆಗಳು, ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು. ನಮ್ಮ ಬೀದಿಯ ಕೊನೆಯಲ್ಲಿರುವ ಒಂದು ವಸತಿ ಸಮುಚ್ಚಯದವರು ತಮ್ಮ ಕೈತೋಟದ ಗಿಡಬಳ್ಳಿಗಳಿಗೆ ಹೆಸರಿನ ಫಲಕಗಳನ್ನು ಹಾಕಿಸಬೇಕೆಂದು ಎಣಿಸಿ, ಸಂಸ್ಕೃತವನ್ನೂ ಕನ್ನಡವನ್ನೂ ಓದಿದವನೆಂದು ನನ್ನನ್ನು ಬಂದು ಕೇಳಿದರು. ಹೊಂಗೆ, ಬೇವು, ಸಂಪಿಗೆ, ಪಾರಿಜಾತ ಇವುಗಳನ್ನು ಬರೆದುಕೊಡುವುದು ಸುಲಭವಾಯಿತು. ಹೆಬ್ಬಾಗಿಲ ಕಮಾನಿನ ಮೇಲೆ ಹಬ್ಬಿ, ಬೆಳಗ್ಗೆ ಕೆಂಪು, ಸಂಜೆ ಬಿಳುಪು ಗೊಂಚಲುಗಳನ್ನು ಇಳಿಬಿಟ್ಟಿದ್ದ ಬಳ್ಳಿಯೊಂದಿತ್ತು. “ಇದು ಮಾಧವೀಲತೆಯಲ್ಲವೆ ಮೇಷ್ಟ್ರೇ?” ಎಂದು ಅವರಲ್ಲೊಬ್ಬರು ಕೇಳಿದರು. ಹೌದೆನ್ನಲು ಬಾಯಿ ತೆರೆದವನಿಗೆ ಹಳೆಯದೊಂದು ಸಂಗತಿ ನೆನಪಾಗಿ ಮಾತು ತಡೆಯಿತು.

ನಾನು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದ ಕಾಲದಲ್ಲಿ ಶಾಲೆಯ ಆವರಣದಲ್ಲಿಯೂ ಇಂತಹುದೇ ಬಳ್ಳಿಯೊಂದಿತ್ತು. ಶಾಕುಂತಲದ ಪಾಠ ಬಂದಾಗಲೆಲ್ಲ ಮಕ್ಕಳನ್ನು ಅದರ ಕೆಳಗೆ ಕರೆದೊಯ್ದು, ಕಾಳಿದಾಸನ ಮಾಧವಿಯು ಇದೇ ಎಂದು ಹೇಳುವುದು ನನ್ನ ವಾಡಿಕೆ. ಒಂದು ವರ್ಷ, ಅತಿಮುಕ್ತವೆಂಬುದು ಮಾಧವಿಗೆ ಇನ್ನೊಂದು ಹೆಸರೆಂದೂ, ಬಿಳುಪಿನಲ್ಲಿ ಮುತ್ತನ್ನು ಮೀರಿದುದೆಂದು ಅದರ ಅರ್ಥವೆಂದೂ ನಾನು ವಿವರಿಸುತ್ತಿರಲು, ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದುನಿಂತು, “ಸಾರ್, ಇದು ಕೆಂಪಗಿದೆಯಲ್ಲ?” ಎಂದನು. ಕವಿಗಳ ಮಾತನ್ನು ಹಾಗೆ ಅಳೆಯಬಾರದೆಂದು ಗದರಿಸಿ ಅವನನ್ನು ಕೂರಿಸಿದೆನು. ಮಿಕ್ಕ ಹುಡುಗರು ನಕ್ಕರು. ಅವನು ಮತ್ತೆ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಲಿಲ್ಲ. ಫಲಕವನ್ನು ಬರೆಯುವ ಹೊತ್ತಿನಲ್ಲಿ ಆ ಮುಖವು ಕಣ್ಣಿಗೆ ಕಟ್ಟಿತು. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು. ತಗಡಿನ ಮೇಲೆ ಬರೆದು ನೆಟ್ಟ ತಪ್ಪು ದಾರಿಹೋಕರಿಗೆಲ್ಲ ಪಾಠವಾಗುವುದು. ಎಂಟು ದಿನಗಳ ಅವಕಾಶವನ್ನು ಕೇಳಿ ಪಡೆದು ಪುಸ್ತಕಗಳ ಪೆಟ್ಟಿಗೆಯನ್ನು ತೆರೆದೆನು. ಎಂಟು ದಿನಗಳು ಒಂದು ವರ್ಷವಾದುವು.

ಮೊದಲು ಕೋಶದ ಮಾತು. ಅಮರಸಿಂಹನು ವನೌಷಧಿವರ್ಗದಲ್ಲಿ ಅತಿಮುಕ್ತ, ಪುಂಡ್ರಕ, ವಾಸಂತೀ, ಮಾಧವೀಲತಾ ಎಂಬ ಹೆಸರುಗಳನ್ನು ಒಟ್ಟಿಗೆ ಹೇಳಿರುವನು. ಮಧು, ಮಾಧವ ಎಂಬುವು ವೇದಕಾಲದಿಂದಲೂ ವಸಂತದ ಎರಡು ತಿಂಗಳುಗಳ ಹೆಸರುಗಳು. ನಮ್ಮ ಚೈತ್ರ ವೈಶಾಖಗಳೇ ಅವು. ಆದುದರಿಂದ ಮಾಧವೀ, ವಾಸಂತೀ ಎಂಬ ಎರಡು ಹೆಸರುಗಳೂ ಹೂವಿನ ಕಾಲವನ್ನು ಸೂಚಿಸುವುವು. ಅತಿಮುಕ್ತವೆಂಬುದು ಬಣ್ಣವನ್ನು ಸೂಚಿಸುವುದು. ಇಲ್ಲಿ ಒಂದು ತೊಡಕುಂಟು. ಅದೇ ವರ್ಗದಲ್ಲಿ ಅಮರನು ರಥದ ಗಾಲಿಗೆ ಒದಗುವ ತಿನಿಶವೃಕ್ಷಕ್ಕೂ ಅತಿಮುಕ್ತಕವೆಂಬ ಹೆಸರನ್ನು ಕೊಟ್ಟಿರುವನು. ಆದುದರಿಂದ ಕಾವ್ಯದಲ್ಲಿ ಅತಿಮುಕ್ತವೆಂಬ ಶಬ್ದ ಬಂದ ಮಾತ್ರಕ್ಕೆ ಮಾಧವಿಯೆಂದು ನಿಶ್ಚಯಿಸಲಾಗದು. ಲತೆಯೆಂಬ ಮಾತು ಜೊತೆಗಿದ್ದರೆ ಮಾಧವಿ, ಮರಗಳ ಸಾಲಿನಲ್ಲಿ ಬಂದರೆ ತಿನಿಶ ಎಂದು ವಿಂಗಡಿಸಿಕೊಳ್ಳಬೇಕು.

ಎರಡನೆಯ ತೊಡಕನ್ನು ವಾಲ್ಮೀಕಿಗಳೇ ಒಡ್ಡುವರು. ಕಿಷ್ಕಿಂಧಾಕಾಂಡದ ಮೊದಲನೆಯ ಸರ್ಗದಲ್ಲಿ ಶ್ರೀರಾಮನು ಪಂಪಾಸರೋವರದ ತೀರದ ವಸಂತವನ್ನು ಲಕ್ಷ್ಮಣನಿಗೆ ತೋರಿಸುತ್ತ ಹೂಗಳ ಹೆಸರುಗಳನ್ನು ಎಣಿಸುವನು. ಆ ಸರೋವರವು ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಳಿಯಲ್ಲಿದೆಯೆಂಬುದು ನಮ್ಮ ನಾಡಿನ ಪರಂಪರೆಯ ನಂಬಿಕೆ. ಅಲ್ಲಿ ವಾಸಂತಿಯೂ ಬರುವುದು, ಸುಗಂಧಭರಿತವಾದ ಮಾಧವಿಯೂ ಬೇರೆಯಾಗಿ ಬರುವುದು. ಅಮರನು ಒಂದೆಂದುದನ್ನು ಆದಿಕವಿಯು ಎರಡೆಂದಂತಾಯಿತು. ಜಯದೇವನೂ ಗೀತಗೋವಿಂದದ ವಸಂತಗೀತದಲ್ಲಿ ಮಾಧವಿಯನ್ನೂ ಅತಿಮುಕ್ತಲತೆಯನ್ನೂ ಬೇರೆಬೇರೆಯಾಗಿ ಹಾಡಿರುವನು. ಇದಕ್ಕೆ ನನಗೆ ತೋರುವ ಸಮಾಧಾನವಿಷ್ಟು: ವಾಸಂತೀ ಎಂಬ ಹೆಸರು ಮಲ್ಲಿಗೆಯ ಒಂದು ಜಾತಿಗೂ ಸಲ್ಲುವುದರಿಂದ ವಾಲ್ಮೀಕಿಗಳ ವಾಸಂತಿಯು ಆ ಮಲ್ಲಿಗೆಯಾಗಿರಬಹುದು. ಜಯದೇವನಾದರೋ ಗೇಯಕಾರನು, ಒಂದೇ ಬಳ್ಳಿಯನ್ನು ಒಮ್ಮೆ ಪರಿಮಳಕ್ಕಾಗಿ, ಇನ್ನೊಮ್ಮೆ ಮಾವಿನ ಆಲಿಂಗನಕ್ಕಾಗಿ ಎರಡು ಹೆಸರುಗಳಿಂದ ಕರೆದಿದ್ದರೆ ಆಶ್ಚರ್ಯವಿಲ್ಲ. ನಮಗೆ ಮುಖ್ಯವಾದುದು ವಾಲ್ಮೀಕಿಗಳು ಕೊಟ್ಟ ವಿಶೇಷಣ: ಮಾಧವಿಯು ಸುವಾಸನೆಯುಳ್ಳ ಹೂವು.

ಇನ್ನು ಕಾಳಿದಾಸನು. ಶಾಕುಂತಲದ ಮೂರನೆಯ ಅಂಕದಲ್ಲಿ, ಶಕುಂತಲೆಯ ಮನಸ್ಸು ಪೌರವ ರಾಜನಲ್ಲಿ ನೆಟ್ಟಿರುವುದನ್ನು ತಿಳಿದ ಸಖಿಯು, ಚಿಗುರಿದ ಅತಿಮುಕ್ತಲತೆಯನ್ನು ತಾಳಬಲ್ಲುದು ಮಾವಲ್ಲದೆ ಮತ್ತಾವುದು ಎಂಬ ಅರ್ಥದ ಮಾತನ್ನಾಡುವಳು. ಆರನೆಯ ಅಂಕದಲ್ಲಿ, ವಸಂತೋತ್ಸವವನ್ನು ನಿಷೇಧಿಸಿ ಪಶ್ಚಾತ್ತಾಪದಿಂದ ಬೇಯುತ್ತಿರುವ ದುಷ್ಯಂತನು ವಿದೂಷಕನೊಡನೆ ಕುಳಿತುಕೊಳ್ಳುವುದು ಮಾಧವೀಮಂಟಪದಲ್ಲಿ. ಈ ಎರಡು ಸ್ಥಳಗಳಿಂದ ಎರಡು ಲಕ್ಷಣಗಳು ತಿಳಿಯಬರುತ್ತವೆ. ಮಾವಿನಂತಹ ಹೆಮ್ಮರವೇ ತಾಳಬೇಕಾದಷ್ಟು ಭಾರವುಳ್ಳ ಬಳ್ಳಿ ಇದು. ಒಳಗೆ ಕುಳಿತವರಿಗೆ ಬಿಸಿಲು ತಾಗದಂತೆ ದಟ್ಟವಾಗಿ ಕವಿಯುವ ಬಳ್ಳಿಯೂ ಹೌದು. ಸಖಿಯ ಮಾತನ್ನು ನಾನು ಬರಿಯ ಉಪಮೆಯೆಂದು ಕಲಿಸುತ್ತಿದ್ದೆನು. ಅದರಲ್ಲಿ ತೋಟಗಾರನ ಅನುಭವವಿರುವುದನ್ನು ಕಂಡಿರಲಿಲ್ಲ.

ಕನ್ನಡದವರಿಗೂ ಈ ಬಳ್ಳಿಯು ಹೊರಗಿನದಲ್ಲ. ಅಭಿನವ ಕಾಳಿದಾಸರೆಂದು ಹೆಸರಾದ ಬಸವಪ್ಪ ಶಾಸ್ತ್ರಿಗಳು (1843–1891) ಶಾಕುಂತಲವನ್ನು ಕನ್ನಡಿಸಿದ ಮೇಲೆ ಅದು ರಂಗಭೂಮಿಯ ಮೂಲಕ ಮನೆಮನೆಗೂ ಬಂದಿತು. ಅದಕ್ಕಿಂತ ಬಹು ಹಿಂದೆಯೇ ಅತಿಮುಕ್ತವೆಂಬ ಶಬ್ದವು ಹಳಗನ್ನಡದಲ್ಲಿ ತದ್ಭವವಾಗಿ ಅದಿರ್ಮುತ್ತೆ ಎಂಬ ರೂಪವನ್ನು ತಾಳಿತ್ತು. ತದ್ಭವಗಳಲ್ಲಿ ಕೆಲವು ಮೂಲಕ್ಕಿಂತ ಚೆಲುವಾಗಿರುವುವು, ಇದು ಅಂತಹುದು. ಅದಿರ್ ಎಂದರೆ ನಡುಗು. ಸಂಸ್ಕೃತದ ಕಿವಿಗೆ ಮುತ್ತನ್ನು ಮೀರಿದ ಹೂವಾಗಿದ್ದುದು ಕನ್ನಡದ ಕಿವಿಗೆ ನಡುಗುವ ಮುತ್ತಾಗಿ ಕೇಳಿಸಿತು. ವ್ಯಾಕರಣದಂತೆ ಇದು ಬರಿಯ ವರ್ಣಪರಿವರ್ತನೆಯೇ ಆಗಿರಲಿ. ಗಾಳಿಗೆ ಅಲುಗುವ ಆ ಮೊಗ್ಗುಗಳನ್ನು ಕಂಡ ಮೇಲೆ ಈ ಹೆಸರನ್ನು ಬಿಡಲು ನನಗೆ ಮನಸ್ಸು ಬಾರದು.

ಹೀಗೆ ಗ್ರಂಥಗಳಿಂದ ದೊರೆತ ಲಕ್ಷಣಗಳು ಐದು: ಹೂವು ಬಿಳಿಯದಾಗಿರಬೇಕು, ಕಾಲವು ವಸಂತವಾಗಿರಬೇಕು, ಸುವಾಸನೆ ಇರಬೇಕು, ಬಳ್ಳಿಯು ಹೆಮ್ಮರವನ್ನು ಏರುವಷ್ಟು ಬಲಿಷ್ಠವಾಗಿರಬೇಕು, ಮಂಟಪದಂತೆ ದಟ್ಟವಾಗಿ ಕವಿಯಬೇಕು. ಹೆಬ್ಬಾಗಿಲ ಬಳ್ಳಿಯನ್ನು ಈ ಒರೆಗೆ ಹಚ್ಚಿದೆನು. ಸಂಜೆ ಅರಳುವಾಗ ಬಿಳುಪಾಗಿರುವ ಅದರ ಹೂವು ಮರುದಿನ ನಸುಗೆಂಪಾಗಿ, ಬಳಿಕ ಕಡುಗೆಂಪಾಗುವುದು. ವಸಂತದಲ್ಲಿಯೇ ಎಂಬ ನಿಯಮವಿಲ್ಲದೆ ಮಳೆಗಾಲದಲ್ಲಿಯೂ ಧಾರಾಳವಾಗಿ ಬಿಡುವುದು. ಸುವಾಸನೆಯುಂಟು, ಹಬ್ಬುವ ಬಲವೂ ಉಂಟು. ಆದರೆ ಮೊದಲ ಎರಡು ಲಕ್ಷಣಗಳೇ ತಪ್ಪಿದ ಮೇಲೆ ಮಿಕ್ಕವುಗಳಿಂದ ಪ್ರಯೋಜನವೇನು? ಆ ಹುಡುಗನು ನೆಟ್ಟಗೆ ನೋಡಿದ್ದನು, ನಾನು ನೋಡಿರಲಿಲ್ಲ.

ಅದು ರಂಗೂನ್ ಬಳ್ಳಿ. ಮಧುಮಾಲತಿಯೆಂದೂ ಕರೆಯುವರು. ಅದರ ಶಾಸ್ತ್ರೀಯ ನಾಮದ ಕಥೆಯು ವಿನೋದವಾಗಿದೆ. 17ನೆಯ ಶತಮಾನದಲ್ಲಿ ಅಂಬೋನ್ ದ್ವೀಪದಲ್ಲಿದ್ದ ರುಂಫಿಯಸನೆಂಬ ಪಂಡಿತನು, ಮಲಯ ಭಾಷೆಯಲ್ಲಿ ಅದಕ್ಕಿದ್ದ ಉದಾನಿ ಎಂಬ ಹೆಸರನ್ನು ಡಚ್ಚರ ಭಾಷೆಯಲ್ಲಿ ‘ಎಂತಹುದು’ ಎಂಬರ್ಥದ ಶಬ್ದಕ್ಕೆ ಹೊಂದಿಸಿ, ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ ‘ಕ್ವಿಸ್‌ಕ್ವಾಲಿಸ್’ ಎಂದನೆಂದು ಹೇಳುವರು. ಯಾರು? ಎಂತಹುದು? ಎಂದು ಅದರ ತಾತ್ಪರ್ಯ. ಲಿನೀಯಸನು 1762ರಲ್ಲಿ ಅದನ್ನೇ ಕ್ವಿಸ್‌ಕ್ವಾಲಿಸ್ ಇಂಡಿಕಾ ಎಂದು ಸ್ಥಿರಪಡಿಸಿದನು. ಈಗಿನವರು ಕಾಂಬ್ರೀಟಮ್ ಇಂಡಿಕಮ್ ಎನ್ನುವರು. ಹೆಸರೇ ಪ್ರಶ್ನೆಯಾಗಿರುವ ಬಳ್ಳಿಯ ಕೆಳಗೆ ನಿಂತು, ಪ್ರಶ್ನೆ ಕೇಳಿದ ಬಾಲಕನನ್ನು ನಾನು ಗದರಿಸಿದ್ದೆನು.

ಹಾಗಾದರೆ ನಿಜವಾದ ಮಾಧವಿ ಯಾವುದು? ಇದನ್ನು ಹುಡುಕಿದ ಮೊದಲಿಗರಲ್ಲಿ ಸರ್ ವಿಲಿಯಂ ಜೋನ್ಸನು ಗಣ್ಯನು. 1784ರಲ್ಲಿ ಕಲ್ಕತ್ತೆಯಲ್ಲಿ ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಈ ನ್ಯಾಯಾಧೀಶನು 1789ರಲ್ಲಿ ಶಾಕುಂತಲವನ್ನು ಇಂಗ್ಲಿಷಿಗೆ ಪರಿವರ್ತಿಸಿದನು. ನಾಲ್ಕನೆಯ ಅಂಕದಲ್ಲಿ ಶಕುಂತಲೆಯು ಬೀಳ್ಕೊಳ್ಳುವ ಸೋದರಿಬಳ್ಳಿಯು ನಮ್ಮ ಕಡೆಯ ಪಾಠದಲ್ಲಿ ವನಜ್ಯೋತ್ಸ್ನೆಯೆಂಬ ನವಮಾಲಿಕೆ. ಅವನು ಹಿಡಿದ ವಂಗದೇಶದ ಪಾಠದಲ್ಲಿ ಅದು ಮಾಧವಿ. ಪರಿವರ್ತನೆಯಲ್ಲಿ ಅವನು ಅದರ ಹೂಗಳನ್ನು ಕೆಂಪೆಂದು ಹೇಳಿಬಿಟ್ಟನು! ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಪಂಡಿತರನ್ನು ವಿಚಾರಿಸಿ, ಗಿಡಗಳನ್ನು ತರಿಸಿ, ಒಂದೊಂದು ಅಂಗವನ್ನೂ ನೋಡಿ ಬರೆದಿಟ್ಟನು. ಅವನು 1794ರಲ್ಲಿ ತೀರಿಕೊಂಡ ಮೇಲೆ ಅಚ್ಚಾದ ಸಸ್ಯವಿಚಾರದ ಪ್ರಬಂಧದಲ್ಲಿ ಅತಿಮುಕ್ತವನ್ನು ಇಂತಹ ಬಳ್ಳಿಯೆಂದು ಗುರುತಿಸಿ, ಕಾಳಿದಾಸ ಜಯದೇವರ ಹೊಗಳಿಕೆಗೆ ಅದು ತಕ್ಕುದೇ ಎಂದು ಒಪ್ಪಿರುವನು. ಪುಸ್ತಕದ ಮಾಧವಿಯಿಂದ ಹೊರಟು ಕಾಡಿನ ಮಾಧವಿಯನ್ನು ಸೇರಿದ ಈ ದಾರಿಯೇ ನನಗೂ ಗುರುವಾಯಿತು.

ಆ ಬಳ್ಳಿಗೆ ಲಿನೀಯಸನು 1753ರಲ್ಲಿಯೇ ವಂಗದೇಶದ್ದೆಂಬ ಅರ್ಥದಲ್ಲಿ ಬೆಂಗಾಲೆನ್ಸಿಸ್ ಎಂಬ ವಿಶೇಷಣವನ್ನು ಕೊಟ್ಟು, ಬ್ಯಾನಿಸ್ಟೀರಿಯ ಎಂಬ ಕುಲಕ್ಕೆ ಸೇರಿಸಿದ್ದನು. 1790ರಲ್ಲಿ ಜರ್ಮನಿಯ ಗೇರ್ಟ್ನರನು ಹಣ್ಣುಬೀಜಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅದನ್ನು ಬೇರೆ ಕುಲವಾಗಿ ವಿಂಗಡಿಸಿ ‘ಹಿಪ್ಟೇಜ್’ ಎಂದು ಕರೆದನು. ಹಾರುವುದು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ ಹೆಸರಿದು. ಕಾರಣವನ್ನು ಮುಂದೆ ಹೇಳುವೆನು. ಅದಕ್ಕಿಂತ ಸ್ವಾರಸ್ಯವಾದುದು ಅವನು ಕೊಟ್ಟ ಎರಡನೆಯ ಪದ: ‘ಮದಬ್ಲೋಟ’. ಓದಿದಾಗ ಅರ್ಥವಾಗದೆ ಎರಡು ಸಾರಿ ಉಚ್ಚರಿಸಿದೆನು. ಮೂರನೆಯ ಸಾರಿಗೆ ನಗು ಬಂದಿತು. ವಂಗದೇಶದ ಬಾಯಲ್ಲಿ ಮಾಧವೀಲತಾ ಎಂಬುದು ಮಾಧೊಬಿಲೊತಾ ಆಗಿ, ಪರದೇಶದ ಲೇಖನಿಯಲ್ಲಿ ಮದಬ್ಲೋಟವಾಗಿತ್ತು. ನಮ್ಮ ಊರಿನಲ್ಲಿ ನಾವು ಕಳೆದುಕೊಂಡಿದ್ದ ಗುರುತು ದೂರದ ಜರ್ಮನಿಯ ಲ್ಯಾಟಿನ್ ಪುಸ್ತಕದಲ್ಲಿ, ವೇಷ ಕೆಟ್ಟಿದ್ದರೂ, ಜೋಪಾನವಾಗಿತ್ತು. ಈಗ ಸಲ್ಲುವ ಹೆಸರು ಹಿಪ್ಟೇಜ್ ಬೆಂಗಾಲೆನ್ಸಿಸ್. ಇದು ಕುರ್ಜನು 1874ರಲ್ಲಿ ಸ್ಥಿರಪಡಿಸಿದುದು.

ಪುಸ್ತಕದಲ್ಲಿ ತಿಳಿದ ಮೇಲೆ ಕಣ್ಣಿನಿಂದ ಕಾಣದೆ ಫಲಕವನ್ನು ಬರೆಯಬಾರದೆಂದು ನಿಶ್ಚಯಿಸಿದೆನು. ನೆರೆಮನೆಯಲ್ಲಿ ಸಸ್ಯಶಾಸ್ತ್ರದ ಅಧ್ಯಾಪಿಕೆಯೊಬ್ಬರಿರುವರು. ಸಹ್ಯಾದ್ರಿಯ ಅಂಚಿನ ಕಾಡುಗಳಲ್ಲಿ ಮಾಘ ಫಾಲ್ಗುಣಗಳಲ್ಲಿ ಹುಡುಕಿರೆಂದು ಅವರು ಹೇಳಿ, ಸಲ್ಡಾನ್ಹ ಮತ್ತು ನಿಕಲ್ಸನ್ ಎಂಬವರು 1976ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥವನ್ನು ತೋರಿಸಿದರು. ಸಕಲೇಶಪುರದ ಆಚೆಗೆ ನಮ್ಮ ಸಂಬಂಧಿಕರ ಕಾಫಿಯ ತೋಟವಿದೆ. ಕಳೆದ ಫಾಲ್ಗುಣದಲ್ಲಿ ಅಲ್ಲಿಗೆ ಹೋದೆನು. ತೋಟದಲ್ಲಿ ವಯಸ್ಸು ಕಳೆದ ಹಿರಿಯರೊಬ್ಬರು ನನ್ನ ವರ್ಣನೆಯನ್ನು ಕೇಳಿ, “ರೆಕ್ಕೆಕಾಯಿ ಬಿಡುವ ಬಳ್ಳಿಯಲ್ಲವೆ, ಬನ್ನಿ ಸ್ವಾಮಿ” ಎಂದು ಹಳ್ಳದ ಬದಿಗೆ ಕರೆದೊಯ್ದರು. ಕಾಣುವುದಕ್ಕೆ ಮೊದಲೇ ಪರಿಮಳವು ಬಂದಿತು. ವಾಲ್ಮೀಕಿಗಳ ವಿಶೇಷಣವು ದಾರಿ ತೋರಿಸಿದಂತಾಯಿತು.

ವಾಚಕರು ಮುಂದೆ ಎಲ್ಲಿಯಾದರೂ ಕಂಡರೆ ಗುರುತಿಸುವಂತೆ ಅದರ ಲಕ್ಷಣಗಳನ್ನು ಹೇಳುವೆನು. ಕಾಂಡವು ಮರದಂತೆ ಗಟ್ಟಿ. ನಾನು ಕಂಡುದು ತೊಡೆಯ ಗಾತ್ರವಿದ್ದು, ಮರವೊಂದರ ನೆತ್ತಿಯವರೆಗೆ ಏರಿತ್ತು. ಎಲೆಗಳು ಎದುರುಬದುರಾಗಿ ಜೋಡಿಯಾಗಿರುವುವು. ಗೇಣುದ್ದದವರೆಗೆ ಬೆಳೆದು, ತುದಿ ಚೂಪಾಗಿ, ದಪ್ಪನಾಗಿ ಹೊಳೆಯುವುವು. ಹೂಗೊಂಚಲು ಎಲೆಯ ಕಂಕುಳಲ್ಲಿಯೂ ರೆಂಬೆಯ ತುದಿಯಲ್ಲಿಯೂ ಬರುವುದು. ಬಿರಿಯದ ಮೊಗ್ಗು ದುಂಡಗೆ ಬೆಳ್ಳಗೆ ಮುತ್ತಿನಂತೆಯೇ ಇರುವುದು. ಅರಳಿದ ಹೂವಿಗೆ ಐದು ದಳಗಳು. ಪ್ರತಿಯೊಂದರ ಅಂಚೂ ಕತ್ತರಿಸಿದ ಝಾಲರಿಯಂತೆ ನವಿರಾಗಿ ಸೀಳಿರುವುದು. ನಾಲ್ಕು ದಳಗಳು ಬಿಳಿ, ಕೆಲವೊಮ್ಮೆ ನಸುಗೆಂಪಿನ ಛಾಯೆ. ಐದನೆಯದರ ನಡುವೆ ಮಾತ್ರ ಅರಿಶಿನವನ್ನು ಹಚ್ಚಿದಂತೆ ಹಳದಿ. ಕೇಸರಗಳು ಹತ್ತು; ಅವುಗಳಲ್ಲಿ ಒಂದು ಮಾತ್ರ ಮಿಕ್ಕವುಗಳಿಗಿಂತ ಬಹಳ ಉದ್ದವಾಗಿ ಮುಂದಕ್ಕೆ ಬಾಗಿರುವುದು. ಈ ಹಳದಿಯ ದಳ, ಈ ಒಂಟಿ ಉದ್ದ ಕೇಸರ, ಈ ಝಾಲರಿಯ ಅಂಚು ಇವು ಮೂರೂ ಕೂಡಿದ್ದರೆ ಸಂದೇಹಪಡಬೇಕಾದುದಿಲ್ಲ.

ಹಣ್ಣು ಇನ್ನೂ ನಿಶ್ಚಿತವಾದ ಸಾಕ್ಷಿ. ಒಂದೊಂದು ಕಾಯಿಗೂ ಮೂರು ರೆಕ್ಕೆಗಳು. ನಡುವಿನದು ಎರಡಂಗುಲದಷ್ಟು ಉದ್ದ, ಅಕ್ಕಪಕ್ಕದವು ಗಿಡ್ಡ. ಎಳೆಯದಾಗಿರುವಾಗ ಕೆಂಪೇರಿ, ಬಲಿತಾಗ ಒಣಗಿ ಕಂದಾಗುವುವು. ಮೇಲಿನಿಂದ ಬಿಟ್ಟರೆ ಗಿರಗಿಟ್ಟಲೆಯಂತೆ ಸುತ್ತುತ್ತ ಗಾಳಿಯೊಡನೆ ದೂರ ಹೋಗಿ ಇಳಿಯುವುವು. ಗೇರ್ಟ್ನರನು ಹಾರುವ ಹೆಸರನ್ನು ಕೊಟ್ಟುದು ಇದಕ್ಕಾಗಿಯೇ. ಆ ಹಿರಿಯರ ಮೊಮ್ಮಗಳು ಹಿಂದಿನ ವರ್ಷದ ಒಣಕಾಯಿಗಳನ್ನು ಗೂಡೆಯಲ್ಲಿಟ್ಟಿದ್ದಳು. ಒಂದೊಂದನ್ನೇ ಎಸೆದು ತೋರಿಸಿದಳು. ಅರುವತ್ತು ದಾಟಿದ ನಾನೂ ಒಂದನ್ನು ಎಸೆದೆನು. ಇಷ್ಟು ಕವಿಗಳು ಹೂವನ್ನು ಹೊಗಳಿರುವರಲ್ಲ, ಈ ಹಾರುವ ಹಣ್ಣನ್ನು ಕುರಿತು ನಾನು ಓದಿದ ಕಾವ್ಯಗಳಲ್ಲಿ ಒಂದು ಮಾತೂ ನೆನಪಿಗೆ ಬರಲಿಲ್ಲ. ಮಕ್ಕಳು ಮಾತ್ರ ಅದನ್ನು ಬಲ್ಲರು.

ಹೆಸರು ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹಾರಿದ ಬಗೆಯೂ ವಿಚಾರಾರ್ಹವಾದುದು. ಮಾಧವಿಯು ಕಾಡಿನದು, ವರ್ಷದಲ್ಲಿ ಕೆಲವೇ ವಾರಗಳು ಹೂಬಿಡುವುದು. ರಂಗೂನ್ ಬಳ್ಳಿಯು ಬೇಗನೆ ಹಬ್ಬುವುದು, ಬಹುಕಾಲ ಹೂವಾಗಿರುವುದು, ಕಡ್ಡಿಯನ್ನು ನೆಟ್ಟರೆ ಚಿಗುರುವುದು. ಆದುದರಿಂದ ಊರಿನ ಹಿತ್ತಿಲುಗಳನ್ನೆಲ್ಲ ಅದೇ ಆಕ್ರಮಿಸಿತು. ಕಾಡಿಗೆ ಹೋಗುವವರು ಕಡಮೆಯಾದಂತೆ ಹೆಸರಿಗೆ ವಸ್ತುವು ಇಲ್ಲವಾಯಿತು. ವಸ್ತುವಿಲ್ಲದ ಹೆಸರು ಹತ್ತಿರದಲ್ಲಿದ್ದ ಚೆಲುವಾದ ಬಳ್ಳಿಯನ್ನು ಹಿಡಿದುಕೊಂಡಿತು. ವಂಗದೇಶದಲ್ಲಿಯೂ ಇದೇ ಗೊಂದಲವುಂಟು. ಅಲ್ಲಿ ರವೀಂದ್ರನಾಥ ಠಾಕೂರರು ನಡೆದ ದಾರಿಯು ಅನುಕರಣೀಯವಾದುದು: ಅವರು ಈ ಬಳ್ಳಿಗೆ ಮಧುಮಂಜರಿ ಎಂಬ ಹೊಸ ಹೆಸರನ್ನೇ ಕೊಟ್ಟು, 1931ರ ‘ವನವಾಣಿ’ಯಲ್ಲಿ ಅದನ್ನು ಹಾಡಿದರು. ಇನ್ನೊಬ್ಬಳ ಒಡವೆಯನ್ನು ತೆಗೆದು ತೊಡಿಸದೆ ಹೊಸ ಒಡವೆಯನ್ನು ಮಾಡಿಸಿಕೊಟ್ಟಂತಾಯಿತು.

ಮಾಧವಿಯನ್ನು ಹೊಗಳುವ ಭರದಲ್ಲಿ ಒಂದು ವಿಷಯವನ್ನು ಮರೆಮಾಚಲಾರೆನು. ತೋಟದ ಅಲಂಕಾರಕ್ಕೆಂದು ಹೊರದೇಶಗಳಿಗೆ ಒಯ್ದ ಈ ಬಳ್ಳಿಯು ಮಾರಿಷಸ್, ರೀಯೂನಿಯನ್ ದ್ವೀಪಗಳಲ್ಲಿ ಅಲ್ಲಿಯ ಮರಗಳನ್ನು ಕವಿದು, ಬಿಸಿಲು ದೊರೆಯದಂತೆ ಮಾಡಿ ಕೊಲ್ಲುತ್ತಿದೆ. ಲೋಕದಲ್ಲಿ ಅತ್ಯಂತ ಉಪದ್ರವಕಾರಿಗಳಾದ ನೂರು ಪರಕೀಯ ಜೀವಿಗಳ ಪಟ್ಟಿಯೊಂದನ್ನು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದವರು ಪ್ರಕಟಿಸಿರುವರು. ಅದರಲ್ಲಿ ನಮ್ಮ ಕವಿಗಳ ಮಾಧವಿಯೂ ಇರುವಳು! ಸ್ವದೇಶದಲ್ಲಿ ಆಲಿಂಗನವಾಗಿದ್ದುದು ಪರದೇಶದಲ್ಲಿ ಉರುಳಾಯಿತು. ಅದರ ಭಾರವನ್ನು ತಾಳಬಲ್ಲುದು ಯಾವುದು ಎಂದು ಶಕುಂತಲೆಯ ಸಖಿಯು ಕೇಳಿದ ಪ್ರಶ್ನೆಯನ್ನು ಆ ದ್ವೀಪಗಳಿಗೆ ಸಸಿಯನ್ನು ಒಯ್ದವರು ಕೇಳಿಕೊಳ್ಳಲಿಲ್ಲ. ಬಳ್ಳಿಯ ಗುಣವನ್ನೂ ಆಸರೆಯ ಬಲವನ್ನೂ ಅರಿತು ನೆಡಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ದೊಡ್ಡನೆಕ್ಕುಂದಿಗೆ ಹಿಂದಿರುಗಿ ಎರಡು ಫಲಕಗಳನ್ನು ಬರೆದುಕೊಟ್ಟೆನು. ಹೆಬ್ಬಾಗಿಲ ಬಳ್ಳಿಗೆ ‘ರಂಗೂನ್ ಬಳ್ಳಿ, ಮಧುಮಾಲತಿ’ ಎಂದು ಒಂದು. ‘ಮಾಧವೀಲತೆ, ಅದಿರ್ಮುತ್ತೆ’ ಎಂಬುದು ಇನ್ನೊಂದು. ಎರಡನೆಯದನ್ನು ನೆಡಲು ಬಳ್ಳಿಯೇ ಇರಲಿಲ್ಲ. ಸಕಲೇಶಪುರದಿಂದ ತಂದಿದ್ದ ರೆಕ್ಕೆಕಾಯಿಗಳನ್ನು ಸಮುಚ್ಚಯದ ಮಕ್ಕಳಿಗೆ ಹಂಚಿದೆನು. ಅವರು ಮೊದಲು ಮೂರನೆಯ ಅಂತಸ್ತಿನಿಂದ ಹಾರಿಸಿ ಆಡಿ, ಬಳಿಕ ಉಳಿದವನ್ನು ಕುಂಡದಲ್ಲಿ ಬಿತ್ತಿದರು. ಎರಡು ಮೊಳೆತಿವೆ. ಅಲ್ಲಿಯ ಹಳೆಯ ಮಾವಿನ ಮರವೊಂದನ್ನು ಕಟ್ಟಡ ಕಟ್ಟುವಾಗ ಕಡಿಯದೆ ಉಳಿಸಿರುವರು. ಮುಂದಿನ ಮಳೆಗಾಲಕ್ಕೆ ಅದರ ಬುಡದಿಂದ ಒಂದು ಮಾರು ದೂರದಲ್ಲಿ ಒಂದನ್ನು ನೆಟ್ಟು, ವರ್ಷವರ್ಷವೂ ಸವರಿ ಹದದಲ್ಲಿಡಬೇಕೆಂದು ಗೊತ್ತಾಗಿದೆ. ಅದು ಹೂಬಿಡುವುದನ್ನು ಕಾಣುವಷ್ಟು ಆಯುಸ್ಸು ನನಗಿದ್ದರೆ ಸಂತೋಷ, ಇಲ್ಲದಿದ್ದರೂ ಫಲಕವಿರುವುದು.

ಹಿಂದಿನ ಸಾಲಿನಲ್ಲಿ ಎದ್ದುನಿಂತಿದ್ದ ಆ ಬಾಲಕನು ಈಗ ಎಲ್ಲಿರುವನೋ ಅರಿಯೆನು, ನಡುವಯಸ್ಸಿನವನಾಗಿರಬೇಕು. ಈ ಪತ್ರಿಕೆಯು ಅವನ ಮನೆಗೆ ಬರುವುದಾದರೆ ಅವನು ತಿಳಿಯಬೇಕಾದುದಿಷ್ಟೇ: ಅಪ್ಪಾ, ನೀನು ಹೇಳಿದುದು ಸರಿ. ಅದು ಕೆಂಪಗಿತ್ತು.